ಸೇರಿನೊಳಗಿನ ಹೆಬ್ಬೆರಳು: ತಪ್ಪು ಮಾಡುವ ನಾಯಕನನ್ನು ಬರೆಯುವಾಗ

ಚಿತ್ರಕಥೆ ಕಲಿಯುತ್ತಿರುವವರಿಗೆ ಈ ಟಿಪ್ಪಣಿ. ಮೂರು ವಾರ ನಾನು ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೆ. ನಿನ್ನೆ ಗಂಟು ಬಿಚ್ಚಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ನನ್ನ ನಾಯಕ ದಾವಣಗೆರೆಯ ಮಂಡಕ್ಕಿ ಭಟ್ಟಿಯವನು. ಸೇರಿನೊಳಗೆ ಹೆಬ್ಬೆರಳು ಇಟ್ಟು ಅಳೆದು ಮೋಸ ಮಾಡುತ್ತಾನೆ. ಮೊದಲ ದೃಶ್ಯದಲ್ಲೇ ಈ ಮೋಸ ತೋರಿಸಿದ್ದೆ. ಆಮೇಲೆ ಫ್ಲ್ಯಾಶ್‌ಬ್ಯಾಕ್: ಬಡತನ, ಅಪ್ಪನ ಸಾವು, ಅಳು. ಓದಿದ ಗೆಳೆಯ ಹೇಳಿದ, "ಪಾಪ ಅನ್ನಿಸ್ತು. ಆದ್ರೆ ಇವ್ನು ಗೆಲ್ಲಲಿ ಅಂತ ಎಲ್ಲೂ ಅನ್ನಿಸ್ಲಿಲ್ಲ ನೋಡು."

ನಾನು ಎಡವಿದ್ದು ಇಲ್ಲೇ. ಕನಿಕರ ಬೇರೆ, ಜೊತೆಗೆ ನಿಲ್ಲುವುದು ಬೇರೆ. ಹಳೇ ಕಷ್ಟ ಕೇಳಿದರೆ ಕನಿಕರ ಬರುತ್ತೆ. ಜೊತೆಗೆ ನಿಲ್ಲಬೇಕಾದರೆ ಈಗ, ಈ ಗಳಿಗೆಯಲ್ಲಿ ಅವನಿಗೆ ಏನು ಬೇಕು ಅಂತ ಗೊತ್ತಿರಬೇಕು. ಅದೂ ತಪ್ಪಿಗೆ ಮುಂಚೆಯೇ.

ಫ್ಲ್ಯಾಶ್‌ಬ್ಯಾಕ್ ಪೂರ್ತಿ ಕಿತ್ತುಹಾಕಿದೆ. ಈಗ ಶುರುವಾಗುವುದು ಬೆಳಗಿನ ಜಾವ. ಕಾದ ಮರಳಿನಲ್ಲಿ ಅಕ್ಕಿ ಅರಳುತ್ತಿದೆ. ಅವನ ಕೈ ನಿಲ್ಲುವುದೇ ಇಲ್ಲ, ಕೆಲಸದಲ್ಲಿ ಅಷ್ಟು ಪಳಗಿದವನು. ಮಗಳು ಬಾಗಿಲಲ್ಲಿ ನಿಂತು, "ಅಪ್ಪಾಜಿ, ಫೀಸಿಗೆ ಇವತ್ತೇ ಕೊನೆ" ಅನ್ನುತ್ತಾಳೆ. ಗಲ್ಲಾ ತೆಗೆದು ಎಣಿಸುತ್ತಾನೆ. ಸಾಲದು. ಮತ್ತೆ ಎಣಿಸುತ್ತಾನೆ. ಅಷ್ಟರಲ್ಲಿ ಬೀದಿ ಸುತ್ತಿ ಮಾರುವ ಅಜ್ಜಿ ಮಂಡಕ್ಕಿ ಕೊಳ್ಳಲು ಬರುತ್ತಾಳೆ. ಅವನು ಸೇರು ಎತ್ತಿಕೊಳ್ಳುತ್ತಾನೆ. ಹೆಬ್ಬೆರಳು ಅಂಚಿನ ಮೇಲೆ ಒಂದು ಕ್ಷಣ ನಿಂತು, ಮೆಲ್ಲಗೆ ಒಳಗಿಳಿಯುತ್ತದೆ. "ಬೇಡ ಮಾರಾಯಾ" ಅನ್ನಿಸುತ್ತೆ, ಅಲ್ವಾ? ಅಷ್ಟು ಅನ್ನಿಸಿದರೆ ಪ್ರೇಕ್ಷಕ ಆಗಲೇ ಅವನ ಪಕ್ಕದಲ್ಲಿದ್ದಾನೆ. ತಪ್ಪು ಹಳೇ ಕರಡಿನಲ್ಲಿದ್ದದ್ದೇ. ನಾನು ಅದರ ಮುಂದೆ ಒಂದು ಬೆಳಗನ್ನು ಇಟ್ಟೆ.

ಅಜ್ಜಿಯ ಬದಲು ಶ್ರೀಮಂತ ವ್ಯಾಪಾರಿಯನ್ನೂ ಹಾಕಿ ನೋಡಿದೆ. ದೃಶ್ಯ ಸಪ್ಪೆಯಾಯಿತು. ತಪ್ಪಿಗೆ ನಾವೇ ಮಾಫಿ ಕೊಟ್ಟುಬಿಟ್ಟರೆ ನೋಡುವವರಿಗೆ ಕೆಲಸವೇ ಇರಲ್ಲ. ಅಜ್ಜಿ ವಾಪಸ್ ಬಂದಳು.

ಪಕ್ಕದ ಚಿತ್ರದುರ್ಗದಲ್ಲಿ ನಡೆಯುವ 'ನಾಗರಹಾವು' (1972) ಮತ್ತೆ ನೋಡಿ. ಪುಟ್ಟಣ್ಣ ಕಣಗಾಲರ ರಾಮಾಚಾರಿ ಕಾಪಿ ಹೊಡೆಯಲು ಹೋಗಿ ಸಿಕ್ಕಿಬೀಳುತ್ತಾನೆ. ಆಮೇಲೆ ಪ್ರಿನ್ಸಿಪಾಲರನ್ನೇ ಕಂಬಕ್ಕೆ ಕಟ್ಟುತ್ತಾನೆ. ನಡುವೆ ಅವನಿಗಾದ ಅವಮಾನವನ್ನು ನಾವು ಕಣ್ಣಾರೆ ಕಂಡಿರುತ್ತೇವೆ. ಜೊತೆಗೆ ಅವನನ್ನು ಮಗನಂತೆ ಕಾಣುವ ಚಾಮಯ್ಯ ಮೇಷ್ಟ್ರು. ಎಲ್ಲರೂ ಬೈಯುವ ಹುಡುಗನನ್ನು ಅಂಥ ಮನುಷ್ಯ ಪ್ರೀತಿಸಿದರೆ, ನಾವೂ ಅವನ ಮುಖವನ್ನು ಇನ್ನೊಮ್ಮೆ ನೋಡುತ್ತೇವೆ.

ನನ್ನ ಕಥೆಯಲ್ಲಿ ಮೇಷ್ಟ್ರ ಜಾಗ ಇನ್ನೂ ಖಾಲಿ. ಅಕ್ಕಿ ಅಂಗಡಿಯವನನ್ನು ಅಲ್ಲಿ ಕೂರಿಸಿ ನೋಡುತ್ತಿದ್ದೇನೆ: ಹಳೇ ಬಾಕಿ ಕೇಳದೆ, ಚೀಲ ಇಳಿಸಿ, ಬೀಡಿ ಹಚ್ಚಿಕೊಂಡು ಹೋಗಿಬಿಡುತ್ತಾನೆ.