ಎಸ್‌ಎಆರ್: ಫೋನಿನ ತರಂಗ ಮೈಯೊಳಗೆ ಎಷ್ಟು ಇಳಿಯುತ್ತದೆ?

ಹಲವು ಫೋನುಗಳಲ್ಲಿ *#07# ಒತ್ತಿದರೆ ಎಸ್‌ಎಆರ್ ಎಂಬ ಅಂಕಿ ಕಾಣುತ್ತದೆ. ಒಂದು ಕಿಲೋ ಅಂಗಾಂಶ ಸೆಕೆಂಡಿಗೆ ಎಷ್ಟು ಜೂಲ್ ರೇಡಿಯೊ ಶಕ್ತಿ ಹೀರುತ್ತದೆ ಎಂಬ ದರ ಅದು. ಬರೆಯುವುದು ಪ್ರತಿ ಕಿಲೋಗೆ ಇಷ್ಟು ವಾಟ್ ಎಂದು. ಅಮೆರಿಕದ ಮಿತಿ 1.6, ಯುರೋಪಿನಲ್ಲಿ ತಲೆಗೆ 2. ಎರಡನ್ನೂ ನೇರವಾಗಿ ಹೋಲಿಸುವಂತಿಲ್ಲ. ಮೊದಲನೆಯದು 1 ಗ್ರಾಂ ಅಂಗಾಂಶದ ಸರಾಸರಿ, ಎರಡನೆಯದು 10 ಗ್ರಾಂನದು. ತುಣುಕು ಚಿಕ್ಕದಾದಷ್ಟೂ ಹೆಚ್ಚು ಬಿಸಿಯಾಗುವ ಜಾಗ ಎದ್ದು ಕಾಣುತ್ತದೆ.

ಫೋನ್ ಪೂರ್ತಿ ಶಕ್ತಿಯಲ್ಲಿ ಪ್ರಸಾರ ಮಾಡುವಾಗ ಅಳೆದ ಗರಿಷ್ಠ ಅಂಕಿ ಇದು. ಸಿಗ್ನಲ್ ಚೆನ್ನಾಗಿದ್ದರೆ ಫೋನ್ ತಾನಾಗಿಯೇ ಶಕ್ತಿ ತಗ್ಗಿಸುತ್ತದೆ. ಹಾಗಾಗಿ 0.9ರ ಫೋನು 1.2ರದ್ದಕ್ಕಿಂತ ಸುರಕ್ಷಿತ ಎನ್ನುವ ಲೆಕ್ಕಾಚಾರಕ್ಕೆ ಅರ್ಥವಿಲ್ಲ. ಲಿಫ್ಟ್, ನೆಲಮಾಳಿಗೆಗಳಲ್ಲಿ ಮಾತು ಮೊಟಕುಗೊಳಿಸಿದರೆ ಅಥವಾ ಇಯರ್‌ಫೋನ್ ಹಾಕಿದರೆ ಆಗುವ ವ್ಯತ್ಯಾಸ ಅದಕ್ಕಿಂತ ದೊಡ್ಡದು.

ಜೀವಕೋಶದಲ್ಲಿ ನಡೆಯುವುದೇನು? 2 ಗಿಗಾಹರ್ಟ್ಸ್ ತರಂಗದ ಒಂದು ಫೋಟಾನಿನ, ಅಂದರೆ ತರಂಗ ಶಕ್ತಿಯ ಅತಿ ಚಿಕ್ಕ ಕಂತಿನ, ಶಕ್ತಿ ಎಲೆಕ್ಟ್ರಾನ್‌ವೋಲ್ಟಿನ (ಅಣುಮಟ್ಟದ ಶಕ್ತಿ ಅಳೆಯುವ ಮಾನ) ಲಕ್ಷದಲ್ಲೊಂದು ಭಾಗಕ್ಕಿಂತ ಕಡಿಮೆ. ಡಿಎನ್‌ಎಯ ರಾಸಾಯನಿಕ ಬಂಧ ಮುರಿಯಲು ಕೆಲವು ಎಲೆಕ್ಟ್ರಾನ್‌ವೋಲ್ಟ್ ಬೇಕು. ಖಚಿತವಾಗಿ ಗೊತ್ತಿರುವ ಪರಿಣಾಮವೆಂದರೆ ಬಿಸಿ: ನೀರಿನ ಅಣುಗಳು ತರಂಗದೊಂದಿಗೆ ತಿರುಗಲು ಹೆಣಗಿ, ಅಕ್ಕಪಕ್ಕದ ಅಣುಗಳಿಗೆ ಉಜ್ಜಿ ಶಾಖ ಹುಟ್ಟುತ್ತದೆ. ಎಸ್‌ಎಆರ್ 2 ಇದ್ದು, ರಕ್ತ ಶಾಖವನ್ನು ಒಯ್ಯದಿದ್ದರೂ, 6 ನಿಮಿಷಕ್ಕೆ ಏರುವುದು ಸುಮಾರು 0.2 ಡಿಗ್ರಿ ಸೆಲ್ಸಿಯಸ್.

ಬಿಸಿಯಲ್ಲದ ಪರಿಣಾಮ ಕಂಡಿತು ಎನ್ನುವ ಪ್ರಯೋಗಗಳು ಎಡವುವುದು ಸಾಮಾನ್ಯವಾಗಿ ಇಲ್ಲೇ. ಇನ್‌ಕ್ಯುಬೇಟರಿನಲ್ಲಿ, ಜೀವಕೋಶ ಬೆಳೆಸುವ ಪೆಟ್ರಿ ತಟ್ಟೆಯ ಪಕ್ಕ ಫೋನಿಟ್ಟರೆ ಅದರ ಬ್ಯಾಟರಿಯೂ ಬಿಸಿ ಕೊಡುತ್ತದೆ. ತಟ್ಟೆಯ ಅಂಚಿನಲ್ಲಿ ದ್ರವ ಬಾಗಿ ಏರಿರುವೆಡೆ ಎಸ್‌ಎಆರ್ ಬೇರೆ, ನಡುವೆ ಬೇರೆ. ಲೋಹದ ಥರ್ಮಾಮೀಟರ್ ತರಂಗದ ಕ್ಷೇತ್ರವನ್ನೇ ಕದಡುತ್ತದೆ. ಆಪ್ಟಿಕಲ್ ಫೈಬರ್ ಸಂವೇದಕವೇ ಬೇಕು. ಅದೇ ಉಪಕರಣದಲ್ಲಿ, ತರಂಗ ಮಾತ್ರ ಬಿಡದ ಜೋಡಿ ತಟ್ಟೆ ಇರಬೇಕು. ಯಾವ ತಟ್ಟೆ ಯಾವುದೆಂದು ಜೀವಕೋಶ ಎಣಿಸುವವರಿಗೆ ತಿಳಿಯಬಾರದು.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ರೇಡಿಯೊ ತರಂಗಗಳನ್ನು ‘2ಬಿ’ ಗುಂಪಿಗೆ, ಅಂದರೆ ಕ್ಯಾನ್ಸರ್ ತರಬಹುದಾದವುಗಳ ಸಾಲಿಗೆ ಸೇರಿಸಿತು. ಆ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು. ಅಪಾಯ ಎಷ್ಟು ಎಂಬುದನ್ನಲ್ಲ.