'ತಪ್ಪಾಯ್ತು' ಗೊತ್ತಿದ್ದವರಿಗೆ 'ಗಲ್ತೀ ಹೋ ಗಯೀ' ಕಷ್ಟವಲ್ಲ

'ಎಕ್ಸ್‌ಕ್ಯೂಸ್ ಮೀಗೆ ಹಿಂದಿಯಲ್ಲಿ ಏನು ಮೇಡಂ?'

ಮಾತಾಡುವ ಹಿಂದಿ ಕಲಿಯಲು ಬರುವವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಇದು. ನನ್ನ ಹತ್ತಿರ ಬರುವವರಲ್ಲಿ ಬ್ಯಾಂಕಿನವರು, ರೈಲ್ವೆಯವರು ಜಾಸ್ತಿ. ಲಖನೌಗೋ ಭೋಪಾಲಕ್ಕೋ ವರ್ಗವಾಗಿರುತ್ತದೆ. ಹಿಂದಿ ಬೇಕೋ ಬೇಡವೋ ಎಂಬ ಚರ್ಚೆ ದೊಡ್ಡದು. ಆದರೆ ಇವರ ಟಿಕೆಟ್ ಆಗಲೇ ಬುಕ್ ಆಗಿರುತ್ತದೆ. ಹೊಸ ಊರಿನಲ್ಲಿ ಬಾಯಿ ತೆರೆದ ಕೂಡಲೇ ಎದುರಿನವರ ಮುಖ ಗಂಟಾಗಬಾರದು. ಅಷ್ಟು ಕಲಿಸಿ ಕಳಿಸಿದರೆ ನನಗೆ ಸಮಾಧಾನ.

ಆ ಪ್ರಶ್ನೆಗೆ ನಾನು ತಿರುಗಿ ಕೇಳುತ್ತೇನೆ: ಕನ್ನಡದಲ್ಲಿ ಏನು ಹೇಳ್ತೀರಿ? ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಆಮೇಲೆ ಯಾರೋ ಮೆಲ್ಲಗೆ 'ಕ್ಷಮಿಸಿ' ಅನ್ನುತ್ತಾರೆ. ನಿಜವಾಗ್ಲೂ? ಮೆಜೆಸ್ಟಿಕ್‌ನಲ್ಲಿ ಬಸ್ ಕೇಳುವಾಗ 'ಕ್ಷಮಿಸಿ' ಅಂತ ಶುರು ಮಾಡ್ತೀರಾ? ಇಲ್ಲ. 'ಸಾರ್, ಇದು ಜಯನಗರಕ್ಕೆ ಹೋಗುತ್ತಾ?', 'ರೀ, ಸ್ವಲ್ಪ ಜಾಗ ಬಿಡಿ', 'ಅಕ್ಕಾ, ಇಲ್ಲಿ ನೋಡಿ'. ಕರೆಯಲು ಒಂದು ಸಂಬಂಧದ ಮಾತು, ಕ್ರಿಯಾಪದದ ತುದಿಯಲ್ಲಿ ಒಂದು 'ಇ'. ಮರ್ಯಾದೆಯೆಲ್ಲ ಅಲ್ಲೇ ಇದೆ. ಹಿಂದಿಯೂ ಹೀಗೇ ನಡೆಯುತ್ತದೆ. ಕನ್ನಡದವರಿಗೆ ಇದು ಹೊಸ ವಿದ್ಯೆಯಲ್ಲ. ನಾವು ಸುಮ್ನೆ ನಿಘಂಟಿನ ಬಾಗಿಲಿನಿಂದ ಒಳಗೆ ಹೋಗಲು ನೋಡುತ್ತೇವೆ, ಅದೇ ತೊಂದರೆ.

ಅದಕ್ಕೆ ಕಾರಣವೂ ಇದೆ. ನಮ್ಮಲ್ಲಿ ಹೆಚ್ಚಿನವರು ಹಿಂದಿ ಕಲಿತಿದ್ದು ಶಾಲೆಯ ಮೂರನೇ ಭಾಷೆಯಾಗಿ. ಇನ್ನು ಕೆಲವರು 1918ರಲ್ಲಿ ಮದರಾಸಿನಲ್ಲಿ ಹುಟ್ಟಿದ ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಪ್ರಾಥಮಿಕ್, ಮಧ್ಯಮಾ ಪರೀಕ್ಷೆಗಳಿಗೆ ಕೂತವರು. ಆ ಓದು ವ್ಯಾಕರಣಕ್ಕೆ ಒಳ್ಳೆಯ ತಳಪಾಯ. ಆದರೆ ಪುಸ್ತಕದ ಹಿಂದಿ ಬೇರೆ, ಬೀದಿಯ ಹಿಂದಿ ಬೇರೆ. ಸಂವಿಧಾನದ 351ನೇ ವಿಧಿಯೇ ಹಿಂದಿಗೆ ಬೇಕಾದ ಪದಗಳನ್ನು ಮುಖ್ಯವಾಗಿ ಸಂಸ್ಕೃತದಿಂದ ತೆಗೆದುಕೊಳ್ಳಬೇಕು ಅನ್ನುತ್ತದೆ. ಹಾಗಾಗಿ ರೈಲು ನಿಲ್ದಾಣದಲ್ಲಿ 'ಯಾತ್ರೀಗಣ್ ಕೃಪಯಾ ಧ್ಯಾನ್ ದೇಂ' ಕೇಳುತ್ತದೆ. ರಸ್ತೆ ಅಗೆದ ಕಡೆ 'ಅಸುವಿಧಾ ಕೇ ಲಿಯೇ ಖೇದ್ ಹೈ' ಎಂಬ ಬೋರ್ಡ್ ಕಾಣುತ್ತದೆ. ಇವು ಬೋರ್ಡಿನ, ಮೈಕಿನ ಮಾತುಗಳು. ತರಕಾರಿ ಅಂಗಡಿಯಲ್ಲಿ 'ಕೃಪಯಾ ಏಕ್ ಕಿಲೋ ಆಲೂ ದೀಜಿಯೇ' ಅಂದರೆ, ನಮ್ಮಲ್ಲಿ 'ದಯವಿಟ್ಟು ಒಂದು ಕಿಲೋ ಆಲೂಗಡ್ಡೆಯನ್ನು ದಯಪಾಲಿಸಿ' ಅಂದಷ್ಟೇ ವಿಚಿತ್ರ. 'ದೀಜಿಯೇ' ಅಂದಾಗಲೇ ದಯವಿಟ್ಟು ಒಳಗೆ ಬಂದಾಯಿತು.

ಈ 'ಇಯೇ' ಎಂಬ ತುದಿಯನ್ನು ಗಟ್ಟಿ ಮಾಡಿಕೊಳ್ಳಬೇಕು. ದಿನಬಳಕೆಯ ಕನ್ನಡದಲ್ಲಿ ನೀನು, ನೀವು ಎಂದು ಎರಡೇ ಮೆಟ್ಟಿಲು. ಹಿಂದಿಯಲ್ಲಿ ಮೂರು: ತೂ, ತುಮ್, ಆಪ್. ಕೇಳು ಅನ್ನುವುದು ಕ್ರಮವಾಗಿ 'ಸುನ್', 'ಸುನೋ', 'ಸುನಿಯೇ' ಆಗುತ್ತದೆ. ನಮ್ಮವರು ನೀನು ಎಂಬುದನ್ನು ನೇರವಾಗಿ 'ತೂ' ಮಾಡಿಬಿಡುತ್ತಾರೆ. 'ತೂ' ತೀರಾ ಒಳಗಿನ ಮಾತು. ದೇವರಿಗೆ, ಬಾಲ್ಯದ ಗೆಳೆಯರಿಗೆ, ಇಲ್ಲವೇ ಜಗಳಕ್ಕೆ. ಅಪರಿಚಿತರಿಗೆ, ಅವರು ಆಟೋದವರೇ ಇರಲಿ, ಚಹಾ ತರುವ ಹುಡುಗನೇ ಇರಲಿ, 'ಆಪ್' ಇಟ್ಟುಕೊಂಡರೆ ಎಂದೂ ತಪ್ಪಾಗುವುದಿಲ್ಲ. 'ಸುನಿಯೇಗಾ', 'ಬತಾಇಯೇಗಾ' ಎಂದು ಕೊನೆಗೆ 'ಗಾ' ಸೇರಿಸಿದರೆ ಇನ್ನೂ ಮೆದು. ನಾವು 'ಹೇಳ್ತೀರಾ ಸ್ವಲ್ಪ?' ಅನ್ನುವ ಹಾಗೆ. ನಾಲ್ಕು ಕ್ರಿಯಾಪದಗಳು ಮಾತ್ರ ಹಟ ಮಾಡುತ್ತವೆ, ಅವನ್ನು ಹಾಗೇ ಬಾಯಿಪಾಠ ಮಾಡಿ: ಕೀಜಿಯೇ (ಮಾಡಿ), ದೀಜಿಯೇ (ಕೊಡಿ), ಲೀಜಿಯೇ (ತಗೊಳ್ಳಿ), ಪೀಜಿಯೇ (ಕುಡಿಯಿರಿ). ದೆಹಲಿಯಲ್ಲಿ 'ಕರಿಯೇ', 'ಆಪ್ ಕರೋ' ಎಂದೆಲ್ಲ ಕಿವಿಗೆ ಬೀಳುತ್ತದೆ. ಕೇಳಿಸಿಕೊಳ್ಳಿ, ಆದರೆ ಅಲ್ಲಿಂದ ಕಲಿಯಲು ಶುರು ಮಾಡಬೇಡಿ.

ಈಗ ಕರೆಯುವ ವಿಷಯ. 'ಸುನಿಯೇ' ನಮ್ಮ 'ರೀ'ಯ ಅಣ್ಣತಮ್ಮ. ಬೀದಿಯಲ್ಲಿ ಅಪರಿಚಿತರನ್ನು ಕರೆಯಲೂ ಅದೇ, ಮನೆಯಲ್ಲಿ ಹೆಂಡತಿ ಗಂಡನನ್ನು ಕರೆಯಲೂ ಅದೇ. ಹೆಸರು ಹಿಡಿಯದೆ 'ಸುನಿಯೇ', 'ಅಜೀ ಸುನ್ತೇ ಹೋ' ಎಂದು ಕೂಗುವ ಹಿರಿಯ ಹೆಂಗಸರು ಇಂದಿಗೂ ಇದ್ದಾರೆ. ಅದಕ್ಕೇ ಅಪರಿಚಿತರಿಗೆ ಬರೀ 'ಸುನಿಯೇ' ಅನ್ನುವ ಬದಲು ಮುಂದೆ ಒಂದು ಸಂಬಂಧ ಇಡಿ ಅಂತ ನನ್ನ ವಿದ್ಯಾರ್ಥಿನಿಯರಿಗೆ ಹೇಳುತ್ತೇನೆ: 'ಭೈಯಾ, ಜರಾ ಸುನಿಯೇ.' ಒಂದು 'ಭೈಯಾ' ಅಂತರವನ್ನೂ ಕಾಯುತ್ತದೆ, ಆತ್ಮೀಯತೆಯನ್ನೂ ಕೊಡುತ್ತದೆ.

ಯಾರಿಗೆ ಯಾವುದು? ಆಟೋ, ಅಂಗಡಿ, ಹೋಟೆಲಿನವರಿಗೆ 'ಭೈಯಾ' ನಡೆಯುತ್ತದೆ. ಸ್ವಲ್ಪ ವಯಸ್ಸಾದ, ಪ್ಯಾಂಟು ಶರ್ಟಿನ ಸಹಪ್ರಯಾಣಿಕರಿಗೆ 'ಭಾಯ್ ಸಾಬ್'. ಬರೆಯುವಾಗ ಸಾಹಬ್, ಮಾತಿನಲ್ಲಿ ಸಾಬ್. ಮುದುಕರಿಗೆ 'ಬಾಬೂಜಿ', 'ಚಾಚಾ'. ಮುದುಕಿಯರಿಗೆ 'ಮಾತಾಜಿ', 'ಅಮ್ಮಾ ಜೀ'. ಹೆಂಗಸರ ವಿಷಯದಲ್ಲಿ ಎಚ್ಚರ ಬೇಕು. 'ಆಂಟಿ' ಅಂದರೆ ಬೆಂಗಳೂರಿನಲ್ಲಿ ಆಗುವುದೇ ಅಲ್ಲೂ ಆಗುತ್ತದೆ. 'ಬೆಹನ್‌ಜೀ' ಒಂದು ಕಾಲಕ್ಕೆ ಗೌರವದ ಮಾತು. ಈಗ ದೆಹಲಿಯ ಹುಡುಗ ಹುಡುಗಿಯರು ಅದನ್ನು 'ಹಳೇ ಕಾಲದವಳು' ಎಂದು ಆಡಿಕೊಳ್ಳಲು ಬಳಸುತ್ತಾರೆ. 'ದೀದಿ' ಅಥವಾ 'ಮೇಡಮ್' ಹೇಳಿ, ನಿಶ್ಚಿಂತೆಯಾಗಿರಿ. ಇನ್ನು ಮುಂಬೈಗೆ ಹೋದರೆ 'ಭೈಯಾ'ದ ಬಣ್ಣವೇ ಬದಲು. ಅಲ್ಲಿ ಅದು ಉತ್ತರ ಪ್ರದೇಶ, ಬಿಹಾರದಿಂದ ಬಂದವರನ್ನು ಗುರುತಿಸುವ, ಕೆಲವೊಮ್ಮೆ ಚುಚ್ಚುವ ಮಾತು. ಅಲ್ಲಿ 'ದಾದಾ', 'ಭಾವೂ' ವಾಸಿ. ಬನಾರಸಿನಲ್ಲಿ ಮಾತ್ರ ಕನ್ನಡದವರಿಗೆ ಮನೆಗೆ ಬಂದ ಹಾಗಾಗುತ್ತದೆ. ನಮ್ಮ 'ಏನ್ ಗುರೂ' ಅಲ್ಲಿ 'ಕಾ ಗುರು' ಆಗಿ ಘಾಟ್ ಮೇಲೆ ಓಡಾಡುತ್ತಿರುತ್ತದೆ.

'ಜರಾ' ಬಗ್ಗೆ ಒಂದು ಮಾತು. ನಮ್ಮ 'ಸ್ವಲ್ಪ' ಅಳತೆಯನ್ನೂ ಹೇಳುತ್ತದೆ, ನಯವನ್ನೂ ಹೇಳುತ್ತದೆ. 'ಸ್ವಲ್ಪ ಕೇಳಿ' ಅಂದರೆ ಕಡಿಮೆ ಕೇಳಿ ಎಂದಲ್ಲ, ಅಲ್ವಾ? ಆ ನಯದ ಕೆಲಸಕ್ಕೆ ಹಿಂದಿಯಲ್ಲಿ 'ಜರಾ' ಇದೆ. 'ಜರಾ ಸುನಿಯೇ', 'ಜರಾ ರಾಸ್ತಾ ದೀಜಿಯೇ', 'ಜರಾ ನಿಕಲ್ನೇ ದೀಜಿಯೇ' (ಸ್ವಲ್ಪ ಹೋಗೋಕೆ ಬಿಡಿ). ಸರಿಯುವ, ಜರುಗುವ ಮಾತಿಗೆ 'ಥೋಡಾ' ಕೂಡ ಸಹಜ. ರೈಲಿನಲ್ಲಿ 'ಭಾಯ್ ಸಾಬ್, ಥೋಡಾ ಅಡ್ಜಸ್ಟ್ ಕರ್ ಲೀಜಿಯೇ' ಅಂದರೆ ನಮ್ಮ 'ಸ್ವಲ್ಪ ಅಡ್ಜಸ್ಟ್ ಮಾಡಿ' ಟಿಕೆಟ್ ಇಲ್ಲದೆ ಬೋಗಿ ಹತ್ತಿದ ಹಾಗೆ ಕೇಳಿಸುತ್ತದೆ. 'ಹಟೋ' ಬೇಡ. ಅದು ದನ ಓಡಿಸುವ ದನಿ.

ಇನ್ನೊಂದು ಸಣ್ಣ ಪದ ಕಲಿಸಲು ನನಗೆ ತುಂಬಾ ಇಷ್ಟ. ಎದುರಿನವರು ಹೇಳಿದ್ದು ಕೇಳಿಸದಿದ್ದರೆ ನಾವು 'ಏನು?' ಅನ್ನುತ್ತೇವೆ. ಅದೇ ಅಭ್ಯಾಸದಲ್ಲಿ ಹಿಂದಿಯಲ್ಲಿ 'ಕ್ಯಾ?' ಅಂದುಬಿಡುತ್ತೇವೆ. ಅದು ಒರಟಾಗಿ ಕೇಳುತ್ತದೆ, ಅದರಲ್ಲೂ ಹಿರಿಯರ ಮುಂದೆ. ಬದಲಿಗೆ ದನಿ ಏರಿಸಿ 'ಜೀ?' ಅನ್ನಿ. ಅಷ್ಟೇ ಸಾಕು. ಯಾರಾದರೂ ಕರೆದರೆ 'ಜೀ' ಎಂದು ಓಗೊಡಿ. ಹೌದು ಅನ್ನಲು 'ಹಾಂ' ಬದಲು 'ಜೀ ಹಾಂ'. ಲಖನೌದ ಮನೆಗಳಲ್ಲಿ ಮಕ್ಕಳಿಗೆ ಮೊದಲು ತಿದ್ದುವ ಮಾತು ಇದೇ.

ಬೀದರ, ಕಲಬುರಗಿ ಕಡೆಯಿಂದ ಬರುವವರಿಗೆ ದಖನಿ, ಅಂದರೆ ದಕ್ಷಿಣದ ಉರ್ದು, ಕಿವಿಯಲ್ಲೇ ಇರುತ್ತದೆ, ಮಾತು ಸರಾಗ. ಆದಿಲ್‌ಶಾಹಿಗಳ ಬಿಜಾಪುರದಲ್ಲೇ ಕಾವ್ಯ ಬರೆಸಿಕೊಂಡ ಭಾಷೆ ಅದು, ಅದನ್ನು ಯಾರೂ 'ತಪ್ಪು ಹಿಂದಿ' ಎನ್ನಬಾರದು. ಅವರಿಗೆ ನಾನು ಬದಲಿಸಲು ಹೇಳುವುದು ಒಂದೇ. ಬೇಡ ಅನ್ನುವ 'ನಕ್ಕೋ' ಉತ್ತರದಲ್ಲಿ ಅರ್ಥವಾಗದೇ ಹೋಗಬಹುದು. ಅಲ್ಲಿ 'ಜೀ ನಹೀಂ, ರೆಹನೇ ದೀಜಿಯೇ' ಅನ್ನಿ. ನಮ್ಮ 'ಇರಲಿ ಬಿಡಿ' ಇದೇ ತಾನೇ.

ಇನ್ನು ಕ್ಷಮೆ. ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಲೇಬೇಕು. ಬಹಳ ವರ್ಷಗಳ ಹಿಂದೆ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿಗೆ ಹೋಗುತ್ತಿದ್ದೆ. ಭೋಪಾಲ ದಾಟಿತ್ತು. ಮೇಲಿನ ಬರ್ತ್‌ನಿಂದ ಇಳಿಯುವಾಗ ಒಬ್ಬ ಹಿರಿಯರ ಊಟದ ಚೀಲದ ಮೇಲೆ ಕಾಲಿಟ್ಟೆ. ಗಾಬರಿಯಲ್ಲಿ 'ಮಾಫ್ ಕರೋ ಬಾಬಾ' ಅಂದೆ. ಅವರ ಮುಖ ಸಪ್ಪಗಾಯಿತು. ಏನೂ ಮಾತಾಡಲಿಲ್ಲ, ಚೀಲ ಎತ್ತಿಕೊಂಡು ಕಿಟಕಿಯ ಕಡೆ ತಿರುಗಿದರು. ಪಕ್ಕದಲ್ಲಿದ್ದ ಹೆಂಗಸು ಆಮೇಲೆ ನನಗೆ ಮೆಲ್ಲಗೆ ತಿಳಿಸಿ ಹೇಳಿದರು. 'ಮಾಫ್ ಕರೋ ಬಾಬಾ' ಎಂಬುದು ಬಾಗಿಲಿಗೆ ಬಂದ ಭಿಕ್ಷುಕರನ್ನು ಸಾಗಹಾಕುವ ಮಾತು. ನಮ್ಮ 'ಮುಂದೆ ಹೋಗಪ್ಪಾ'. ನಾನು ಮತ್ತೆ ಹೋಗಿ ಕೈಮುಗಿದು 'ಮಾಫ್ ಕೀಜಿಯೇ ಬಾಬೂಜಿ, ಮುಝ್‌ಸೇ ಗಲ್ತೀ ಹೋ ಗಯೀ' ಅಂದೆ. ಅವರು ನನ್ನ ತಲೆ ಮುಟ್ಟಿ, ತಮ್ಮ ಚೀಲದಿಂದ ಒಂದು ಪೂರಿ ತೆಗೆದುಕೊಟ್ಟರು. 'ಕರೋ' ಮತ್ತು 'ಕೀಜಿಯೇ' ನಡುವೆ ಇಷ್ಟು ದೂರ ಇದೆ ಎಂದು ಯಾವ ವ್ಯಾಕರಣ ಪುಸ್ತಕದಲ್ಲೂ ನಾನು ಓದಿರಲಿಲ್ಲ.

'ಮಾಫ್' ಅರಬ್ಬಿಯಿಂದ ಬಂದ ಪದ. ನಮಗೂ ಹೊಸದಲ್ಲ. ಸಾಲ ಮಾಫಿ, ಬಡ್ಡಿ ಮಾಫಿ ಅಂತ ದಿನಾ ಓದುತ್ತೇವೆ. ಆದರೆ 'ಫ'ವನ್ನು ತುಟಿ ಹಲ್ಲು ತಾಗಿಸಿ ಹೇಳಿ. 'ಮಾಪ್' ಅಂದರೆ ಹಿಂದಿಯಲ್ಲಿ ಅಳತೆ. ದಾರಿ ಕೇಳುವ ಮುಂಚೆಯೂ 'ಮಾಫ್ ಕೀಜಿಯೇಗಾ, ಸ್ಟೇಷನ್ ಕಿಧರ್ ಹೈ?' ಎನ್ನಬಹುದು. ಸಮಾನ ವಯಸ್ಸಿನ ಗೆಳೆಯರಲ್ಲಿ 'ಮಾಫ್ ಕರ್ನಾ ಯಾರ್' ಸಾಕು. 'ಕ್ಷಮಾ ಕೀಜಿಯೇ' ಭಾಷಣಕ್ಕೆ, ಪತ್ರಕ್ಕೆ, ಪೂಜೆಯ ಮನೆಗೆ ಚೆನ್ನ.

ಆದರೆ ನನ್ನ ಮನಸ್ಸಿಗೆ ಹತ್ತಿರವಾದ ಮಾತು 'ಮುಝ್‌ಸೇ ಗಲ್ತೀ ಹೋ ಗಯೀ'. ಅದನ್ನು ಬಿಡಿಸಿ ನೋಡಿ. ಮುಝ್‌ಸೇ ಅಂದರೆ ನನ್ನಿಂದ. ಗಲ್ತೀ ಅಂದರೆ ತಪ್ಪು. ಹೋ ಗಯೀ ಅಂದರೆ ಆಗಿಹೋಯ್ತು. 'ನನ್ನಿಂದ ತಪ್ಪಾಗಿಹೋಯ್ತು.' ಪದಕ್ಕೆ ಪದ, ಅದೇ ಸಾಲಿನಲ್ಲಿ! ಬೇಕೆಂದು ಮಾಡಿದ್ದಲ್ಲ ಎಂದು ಹೇಳಲು ಎರಡೂ ಭಾಷೆಗಳು 'ಹೋಗು' ಎಂಬ ಕ್ರಿಯೆಯನ್ನೇ ಹಿಡಿದಿವೆ. ಲೇಟಾದರೆ 'ದೇರ್ ಹೋ ಗಯೀ', ಲೇಟಾಗಿಹೋಯ್ತು. 'ಭೂಲ್ ಹೋ ಗಯೀ' ಅಂದರೂ ತಪ್ಪಾಗಿಹೋಯ್ತು ಎಂದೇ. ಕನ್ನಡದಲ್ಲಿ ಯೋಚಿಸಿ ಹಾಗೇ ಹೇಳಿದರೂ ಸರಿಯಾದ ಹಿಂದಿ ಬರುವ ಅಪರೂಪದ ಜಾಗ ಇದು. ತಪ್ಪು ದೊಡ್ಡದಾಗಿದ್ದರೆ ಮಾತ್ರ 'ಆಗಿಹೋಯ್ತು' ಸಾಲದು. ಕೌಂಟರಿನಲ್ಲಿ ಗ್ರಾಹಕರ ಹಣ ಬೇರೆ ಖಾತೆಗೆ ಹೋಗಿದ್ದರೆ 'ಗಲ್ತೀ ಮೇರೀ ಥೀ' ಎಂದು ಮೈಮೇಲೆ ಹಾಕಿಕೊಳ್ಳಬೇಕು.

ಹೆಣ್ಣುಮಕ್ಕಳಿಗೆ ಇದರಲ್ಲಿ ಇನ್ನೊಂದು ಅನುಕೂಲ. 'ಕ್ಷಮೆ ಕೇಳ್ತೀನಿ' ಅನ್ನಲು ಕನ್ನಡದಲ್ಲಿ ಗಂಡು ಹೆಣ್ಣು ಭೇದವಿಲ್ಲ. ಹಿಂದಿಯಲ್ಲಿ ಗಂಡಸು 'ಮಾಫೀ ಚಾಹತಾ ಹೂಂ' ಅನ್ನಬೇಕು, ಹೆಂಗಸು 'ಚಾಹತೀ ಹೂಂ'. ನಮ್ಮ ಹುಡುಗಿಯರು ಇಲ್ಲಿ ತಡವರಿಸಿ, ನಾಚಿಕೊಂಡು, ಕ್ಷಮೆಯನ್ನೇ ಅರ್ಧಕ್ಕೆ ಬಿಡುವುದನ್ನು ನೋಡಿದ್ದೇನೆ. 'ಗಲ್ತೀ ಹೋ ಗಯೀ'ಯಲ್ಲಿ ಆ ಕಷ್ಟವಿಲ್ಲ. ಅಲ್ಲಿ 'ಗಯೀ' ಹೊಂದುವುದು ಗಲ್ತೀ ಎಂಬ ಪದಕ್ಕೆ, ನಿಮಗಲ್ಲ. ಗಂಡಸು ಹೇಳಿದರೂ ಅದೇ, ಹೆಂಗಸು ಹೇಳಿದರೂ ಅದೇ.

ಹಾಗಾದರೆ 'ಸಾರೀ'? ಅದೂ ಈಗ ಹಿಂದಿಯೇ. ಭುಜ ತಾಗಿದರೆ 'ಅರೇ, ಸಾರೀ ಸಾರೀ' ಎಂದು ಎಲ್ಲರೂ ಅನ್ನುತ್ತಾರೆ. ಕಾಲು ತಾಗಿದರೆ ಮಾತೇ ಬೇಡ. ಅವರನ್ನು ಮುಟ್ಟಿ ಹಣೆಗೋ ಎದೆಗೋ ಕೈ ಒತ್ತಿಕೊಳ್ಳುವುದು ಅಲ್ಲೂ ಇದೆ, ಇಲ್ಲೂ ಇದೆ. 'ಸಾರೀ' ನಮ್ಮನ್ನು ಎಡವಿಸುವುದು ಸಾವಿನ ಮನೆಯಲ್ಲಿ. ಇಂಗ್ಲಿಷಿನ ಆ ಒಂದೇ ಪದ ತಪ್ಪಿಗೂ ಆಗುತ್ತದೆ, ದುಃಖಕ್ಕೂ ಆಗುತ್ತದೆ. ನನ್ನ ವಿದ್ಯಾರ್ಥಿಯೊಬ್ಬರು ಸಹೋದ್ಯೋಗಿಯ ತಂದೆ ತೀರಿಕೊಂಡಾಗ ಹೋಗಿ 'ಮಾಫ್ ಕೀಜಿಯೇ' ಅಂದರಂತೆ. ಆ ಮನೆಯವರು ಪಾಪ, ಇವರು ಯಾವುದಕ್ಕೆ ಕ್ಷಮೆ ಕೇಳುತ್ತಿದ್ದಾರೆ ಎಂದು ತಿಳಿಯದೆ ನಿಂತರಂತೆ. ಅಲ್ಲಿ ಬೇಕಾದದ್ದು 'ಸುನ್ ಕರ್ ಬಹುತ್ ದುಃಖ್ ಹುಆ' ಅಥವಾ 'ಬಹುತ್ ಅಫ್ಸೋಸ್ ಹುಆ'. ಕೇಳಿ ತುಂಬಾ ದುಃಖ ಆಯ್ತು. ಇದನ್ನು ನಾನು ಈಗ ಎರಡನೇ ವಾರದಲ್ಲೇ ಕಲಿಸುತ್ತೇನೆ. ಸಾವು ಕೋರ್ಸ್ ಮುಗಿಯಲಿ ಎಂದು ಕಾಯುವುದಿಲ್ಲ.

ಖಾರದ ಮಾತು ಹೇಳುವ ಮುಂಚೆ ನಾವು 'ಬೇಜಾರ್ ಮಾಡ್ಕೋಬೇಡಿ' ಅನ್ನುತ್ತೇವಲ್ಲ, ಅದಕ್ಕೆ 'ಬುರಾ ಮತ್ ಮಾನಿಯೇಗಾ'. ಯಾರಿಂದಲಾದರೂ ಕೆಲಸ ಮಾಡಿಸಿಕೊಂಡರೆ 'ಆಪ್ ಕೋ ತಕ್ಲೀಫ್ ದೀ', ನಿಮಗೆ ತೊಂದರೆ ಕೊಟ್ಟೆ. ಇದರಲ್ಲಿ ಕ್ಷಮೆಯೂ ಇದೆ, ಥ್ಯಾಂಕ್ಸೂ ಇದೆ. ಹಿರಿಯರ ಹತ್ತಿರ ಬರೀ 'ಧನ್ಯವಾದ್'ಗಿಂತ ಇದು ಹೆಚ್ಚು ಬೆಚ್ಚಗೆ ತಾಗುತ್ತದೆ.

ಕಾನ್ಪುರಕ್ಕೆ ಹೊರಟಿದ್ದ ಒಬ್ಬರು ಕೊನೆಯ ದಿನ ಕೇಳಿದರು: 'ಅವರೇ ನನ್ನ ಹತ್ತಿರ ಮಾಫ್ ಕೀಜಿಯೇ ಅಂದರೆ ನಾನೇನು ಹೇಳಲಿ ಮೇಡಂ?' ಪಾಠದಲ್ಲಿ ಅದನ್ನು ನಾನು ಬಿಟ್ಟೇ ಬಿಟ್ಟಿದ್ದೆ. 'ಕೋಯೀ ಬಾತ್ ನಹೀಂ' ಅನ್ನಿ ಎಂದೆ. ಅವರು ಅದನ್ನು ಎರಡು ಸಲ ಹೇಳಿ ನೋಡಿದರು. 'ಪರವಾಗಿಲ್ಲ ಅಂದ ಹಾಗಾಯ್ತು. ಆದರೆ ನಾವು ಪರವಾಗಿಲ್ಲ ಬಿಡಿ ಅಂತೀವಲ್ಲ, ಆ ಬಿಡಿ ಎಲ್ಲಿ?' ಅದೂ ಇದೆ. 'ಅರೇ, ಛೋಡಿಯೇ.' ಅವರು ಅದನ್ನು ಅಂಗೈ ಮೇಲೆ ಕನ್ನಡದಲ್ಲಿ ಬರೆದುಕೊಂಡು ಹೋದರು.