‘ಹೋಗಲೇಬೇಕು’ ಎಂಬಲ್ಲಿನ ಏಕಾರ ಮತ್ತು ಇಂಗ್ಲಿಷ್ ಕ್ರಿಯಾವಿಶೇಷಣದ ಜಾಗ

ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣಗಳಿಂದ ಬೆಳಗಿನ ರೈಲು ಹಿಡಿದು ಸರಸ್ವತಿಪುರಂನ ನನ್ನ ತರಗತಿಗೆ ಬರುವವರು ಇಂಗ್ಲಿಷ್ ಪತ್ರವ್ಯವಹಾರ ಕಲಿಯಲೆಂದು ಬರುತ್ತಾರೆ. ಕಾಲ, ವಚನಗಳ ತಪ್ಪುಗಳು ಒಂದೆರಡು ತಿಂಗಳಲ್ಲಿ ತಾವಾಗಿ ಕಡಿಮೆಯಾಗುತ್ತವೆ. ಕೊನೆಯವರೆಗೂ ಉಳಿದುಕೊಳ್ಳುವ ತಪ್ಪುಗಳ ಜಾತಿಯೇ ಬೇರೆ: ‘ಯು ಮಸ್ಟ್ ಅರ್ಲಿ ಕಮ್’, ‘ಹಿ ಮೇ ಪ್ರಾಬಬ್ಲಿ ಕಮ್’, ‘ಯು ಶುಡ್ ಕಂಪಲ್ಸರಿ ಅಟೆಂಡ್’. ಈ ಮೂರರಲ್ಲೂ ಪದಗಳು ಗೊತ್ತಿರುವವೇ. ಎಡವಿದ್ದು ಮೋಡಲ್ ಕ್ರಿಯಾಪದಕ್ಕೂ, ಅಂದರೆ ಸಾಧ್ಯತೆ, ಅನುಮತಿ, ಕಡ್ಡಾಯಗಳನ್ನು ಸೂಚಿಸುವ ಸಹಾಯಕ ಕ್ರಿಯಾಪದಕ್ಕೂ, ಕ್ರಿಯಾವಿಶೇಷಣಕ್ಕೂ ಇರುವ ಸಂಬಂಧದಲ್ಲಿ.

ಕ್ಯಾನ್, ಕುಡ್, ಮೇ, ಮೈಟ್, ಮಸ್ಟ್, ಶಲ್, ಶುಡ್, ವಿಲ್, ವುಡ್ ಎಂಬ 9 ಪದಗಳನ್ನು ಇಂಗ್ಲಿಷ್ ವ್ಯಾಕರಣವು ಮುಖ್ಯ ಮೋಡಲ್‌ಗಳೆಂದು ಎಣಿಸುತ್ತದೆ. ಇವು ಕರ್ತೃವಿನ ನಂತರ, ಮುಖ್ಯ ಕ್ರಿಯಾಪದಕ್ಕೆ ಮುಂಚೆ ಬರುತ್ತವೆ. ಕನ್ನಡದಲ್ಲಿ ಅದೇ ಕೆಲಸವನ್ನು ಬೇಕು, ಬಹುದು, ಬಾರದು, ಕೂಡದು ಮಾಡುತ್ತವೆ. ಆದರೆ ಅವು ವಾಕ್ಯದ ಕೊನೆಯಲ್ಲಿ ಕ್ರಿಯಾಪದಕ್ಕೆ ಅಂಟಿಕೊಂಡೇ ಇರುತ್ತವೆ. ಹಾಗಾಗಿ ‘ಬೇಗ ಬರಬೇಕು’ ಎನ್ನುವಾಗ ‘ಬೇಗ’ ಎಂಬುದಕ್ಕೆ ಇಡೀ ‘ಬರಬೇಕು’ವಿನ ಮುಂದೆ ನಿಲ್ಲುವುದು ಬಿಟ್ಟು ಬೇರೆ ದಾರಿಯಿಲ್ಲ. ಇಂಗ್ಲಿಷಿನಲ್ಲಿ ಮೋಡಲ್‌ಗೂ ಕ್ರಿಯಾಪದಕ್ಕೂ ನಡುವೆ ಒಂದು ಖಾಲಿ ಜಾಗವಿದೆ. ಅದನ್ನು ಕಂಡ ಕನ್ನಡಿಗರು ಕೈಗೆ ಸಿಕ್ಕ ಕ್ರಿಯಾವಿಶೇಷಣವನ್ನೆಲ್ಲ ಅಲ್ಲಿ ತುಂಬಿಬಿಡುತ್ತಾರೆ.

ಆ ಜಾಗದಲ್ಲಿ ಯಾವುದು ಕೂರಬೇಕು ಎಂಬುದನ್ನು ತಿಳಿಸಲು ನಾನು ಹಲವು ವರ್ಷ ಪಟ್ಟಿಗಳನ್ನು ಬರೆಸುತ್ತಿದ್ದೆ. ಈಗ ಬರೆಸುವುದಿಲ್ಲ, ಕನ್ನಡದಿಂದಲೇ ಶುರುಮಾಡುತ್ತೇನೆ. ‘ಬರಬೇಕು’ ಎಂಬುದನ್ನು ಬಿಡಿಸಿ ನಡುವೆ ‘ಬೇಗ’ ಎಂದು ತೂರಿಸಲಾಗದು, ನಿಜ. ಆದರೆ ‘ಬರಲೇಬೇಕು’, ‘ಬರಲೂಬಹುದು’, ‘ಬರಲೇಬಾರದು’ ಎನ್ನುವಾಗ ನಾವೂ ಕ್ರಿಯಾಪದ ಮತ್ತು ಮೋಡಲ್‌ಗಳ ನಡುವೆಯೇ ಏನನ್ನೋ ಇಡುತ್ತಿದ್ದೇವಲ್ಲವೇ? ಶಾಲೆಯ ವ್ಯಾಕರಣದಲ್ಲಿ ಅವಧಾರಣಾರ್ಥಕ ಅವ್ಯಯವೆಂದು ಕಲಿತ ಆ ಏಕಾರ, ಅದರ ಜೊತೆಗೆ ಊಕಾರ, ಕ್ರಿಯೆ ಹೇಗೆ ನಡೆಯಿತು ಎಂಬುದನ್ನು ಹೇಳುವುದಿಲ್ಲ. ಮಾತಾಡುವವರಿಗೆ ಅದರ ಬಗ್ಗೆ ಎಷ್ಟು ಖಚಿತತೆಯಿದೆ, ಎಷ್ಟು ಒತ್ತಾಯವಿದೆ ಎಂಬುದನ್ನು ಹೇಳುತ್ತವೆ. ಇಂಗ್ಲಿಷಿನ ನಡುವಿನ ಜಾಗಕ್ಕೂ ಮೊದಲ ಹಕ್ಕುದಾರರು ಇದೇ ಜಾತಿಯ ಪದಗಳು: ಪ್ರಾಬಬ್ಲಿ, ಸರ್ಟನ್ಲಿ, ಡೆಫನೆಟ್ಲಿ, ಆಲ್ಸೋ, ಓನ್ಲಿ, ಈವನ್, ಇವರ ಜೊತೆಗೆ ಆಲ್ವೇಸ್, ನೆವರ್, ಆಫನ್ ಎಂಬ ಆವರ್ತನೆಯ ಪದಗಳು. ಅರ್ಲಿ, ಫಾಸ್ಟ್, ವೆಲ್ ಮುಂತಾದ ಕಾಲ, ರೀತಿಗಳ ಪದಗಳು ಸಾಮಾನ್ಯವಾಗಿ ಕ್ರಿಯಾಪದವನ್ನು ದಾಟಿ ಹೋಗುತ್ತವೆ: ‘ಯು ಮಸ್ಟ್ ಕಮ್ ಅರ್ಲಿ’. ವಿದ್ಯಾರ್ಥಿಗೆ ಅನುಮಾನ ಬಂದಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೆ: ಈ ಪದದ ಕೆಲಸವನ್ನು ಕನ್ನಡದಲ್ಲಿ ಒಂದು ಏಕಾರವೋ ಊಕಾರವೋ ಮಾಡಬಲ್ಲುದೇ? ಇದು ನಿಯಮವಲ್ಲ, ನೆನಪಿಗೊಂದು ಆಸರೆ. ಎಲ್ಲ ಕಡೆಯೂ ಕೈಹಿಡಿಯುವುದಿಲ್ಲ.

ಒಂದೇ ವಾಕ್ಯದಲ್ಲಿ ಎರಡೂ ಜಾತಿಯವು ಬಂದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಸಹಕಾರ ಸಂಘವೊಂದರ ಗುಮಾಸ್ತರು ತಂದ ಕರಡಿಗೆ ನಾನು ಸೂಚಿಸಿದ ವಾಕ್ಯವಿದು: ‘ದಿ ಅಕೌಂಟ್ಸ್ ಮಸ್ಟ್ ಶೂರ್ಲಿ ಹ್ಯಾವ್ ಬೀನ್ ಕೇರ್‌ಫುಲಿ ಚೆಕ್ಡ್’. ಬರೆದವರ ಅಂದಾಜನ್ನು ಹೇಳುವ ‘ಶೂರ್ಲಿ’ ಮೋಡಲ್‌ನ ಪಕ್ಕದಲ್ಲಿದೆ. ಪರಿಶೀಲನೆಯ ರೀತಿಯನ್ನು ಹೇಳುವ ‘ಕೇರ್‌ಫುಲಿ’ ಅಷ್ಟೂ ಸಹಾಯಕ ಕ್ರಿಯಾಪದಗಳನ್ನು ದಾಟಿ ಮುಖ್ಯ ಕ್ರಿಯಾಪದಕ್ಕೆ ಆತುಕೊಂಡಿದೆ. ಅವೆರಡನ್ನು ಅದಲುಬದಲು ಮಾಡಿದರೆ ವಾಕ್ಯ ಕುಂಟುತ್ತದೆ.

ಇನ್ನು ‘ಹಿ ಮೇ ಪ್ರಾಬಬ್ಲಿ ಕಮ್’. ಇಲ್ಲಿ ಜಾಗ ಸರಿಯಾಗಿದೆ, ಜೋಡಿ ಸರಿಯಾಗಿಲ್ಲ. ಕನ್ನಡದ ‘ಬಹುಶಃ ಬರಬಹುದು’ ಎಂಬುದರ ನೇರ ಅನುವಾದ ಇದು. ಕನ್ನಡದಲ್ಲಿ ಆ ಜೋಡಿ ಸಹಜ. ಆದರೆ ‘ಮೇ’ ಎಂಬುದು ಬಂದರೂ ಬಂದಾನು, ಬಾರದಿದ್ದರೂ ಇದ್ದಾನು ಎನ್ನುವಷ್ಟರ ಮಟ್ಟಿನದು. ‘ಪ್ರಾಬಬ್ಲಿ’ ಅದಕ್ಕಿಂತ ಹೆಚ್ಚಿನ ಭರವಸೆ. ತೂಕ ಹೊಂದದ ಈ ಎರಡನ್ನು ಒಂದೇ ಕಾವಡಿಗೆ ಕಟ್ಟಬಾರದು. ‘ಮೇ’, ‘ಮೈಟ್’ಗಳ ಜೊತೆ ‘ಪಾಸಿಬ್ಲಿ’ ಹೊಂದುತ್ತದೆ, ‘ವಿಲ್’ ಜೊತೆ ‘ಪ್ರಾಬಬ್ಲಿ’, ‘ಮಸ್ಟ್’ ಜೊತೆ ‘ಸರ್ಟನ್ಲಿ’, ‘ಶೂರ್ಲಿ’. ಇದು ಬರೀ ಸೊಗಸಿನ ಮಾತಲ್ಲ. ಪ್ರತಿ ಮುಂಗಾರಿನಲ್ಲೂ ಕನ್ನಂಬಾಡಿ ಕಟ್ಟೆ 124.80 ಅಡಿ ತಲುಪುವುದೋ ಇಲ್ಲವೋ ಎಂದು ಮಂಡ್ಯದ ನಾಲಾ ಬಯಲಿನ ರೈತರು ಕಾಯುತ್ತಿರುತ್ತಾರೆ. ಪತ್ರಿಕೋದ್ಯಮ ಓದುವ ಹುಡುಗಿಯೊಬ್ಬಳಿಗೆ ‘ಜಲಾಶಯ ಬಹುಶಃ ಈ ವಾರ ತುಂಬಬಹುದು’ ಎಂಬುದನ್ನು ಇಂಗ್ಲಿಷಿಗೆ ತರಲು ಹೇಳಿದ್ದೆ. ಅವಳು ‘ಮೇ ಪ್ರಾಬಬ್ಲಿ ಫಿಲ್’ ಎಂದಳು. ‘ವಿಲ್ ಪ್ರಾಬಬ್ಲಿ ಫಿಲ್’ ಎಂದು ಓದಿದ ರೈತ ಒಟ್ಲು (ಭತ್ತದ ಸಸಿಮಡಿ) ಹಾಕಲು ಹೊರಡುತ್ತಾನೆ. ‘ಮೇ ಪಾಸಿಬ್ಲಿ ಫಿಲ್’ ಎಂದು ಓದಿದವನು ಇನ್ನೊಂದು ವಾರ ತಡೆಯುತ್ತಾನೆ. ಇವೆರಡರಲ್ಲಿ ತಾನು ಹೇಳಬೇಕಾದದ್ದು ಯಾವುದು ಎಂದು ಕನ್ನಡದ ವಾಕ್ಯ ಬರೆದಾಗ ಅವಳು ನಿರ್ಧರಿಸಿರಲಿಲ್ಲ. ಇಂಗ್ಲಿಷ್ ಅವಳನ್ನು ನಿರ್ಧರಿಸಲು ಒತ್ತಾಯಿಸಿತು.

‘ಬಹುದು’ ಎಂಬುದು ‘ಮೇ’ಯಂತೆಯೇ ಸಾಧ್ಯತೆಯನ್ನೂ ಅನುಮತಿಯನ್ನೂ ಸೂಚಿಸುತ್ತದೆ. ‘ನೀವು ಖಂಡಿತ ಬರಬಹುದು’ ಎಂದರೆ ಯಾರೂ ಅದನ್ನು ಸಂಭವದ ಮಾತೆಂದು ತಿಳಿಯುವುದಿಲ್ಲ, ಅದು ಅನುಮತಿ. ‘ಖಂಡಿತ’ವನ್ನು ತೆಗೆದು ‘ಬಹುಶಃ’ ಇಟ್ಟೊಡನೆ ಅನುಮತಿ ಮಾಯವಾಗುತ್ತದೆ. ಇಂಗ್ಲಿಷಿನಲ್ಲೂ ‘ಯು ಮೇ ಸರ್ಟನ್ಲಿ ಕಮ್’ ಅನುಮತಿ. ‘ಇಟ್ ಮೇ ವೆಲ್ ರೇನ್’ ಸಂಭವ. ಈ ‘ವೆಲ್’ ಚೆನ್ನಾಗಿ ಎಂಬರ್ಥದ್ದಲ್ಲ. ಮಳೆ ಬರುವ ಸಂಭವ ಸಾಕಷ್ಟಿದೆ ಎಂಬ ತೂಕದ್ದು. ಬಸ್ಸಿಗೆ ಕಾದು ಬೇಸತ್ತು ‘ನಡೆದೇ ಹೋಗಿಬಿಡೋಣ’ ಎನ್ನುವುದಕ್ಕೆ ‘ವಿ ಮೈಟ್ ಆಸ್ ವೆಲ್ ವಾಕ್’ ಎನ್ನುತ್ತಾರೆ.

‘ಕಂಪಲ್ಸರಿ’ಯ ಕಥೆ ಬೇರೆ. ನಮ್ಮ ‘ಬೇಕು’ ಮೃದು ಸ್ವಭಾವದ್ದು. ಮದುವೆಗೆ ಕರೆಯುವಾಗಲೂ ‘ತಾವು ಬರಬೇಕು’ ಎಂದೇ ಕೈಮುಗಿಯುತ್ತೇವೆ. ಆದ್ದರಿಂದ ಅದು ಕಡ್ಡಾಯವೆನ್ನಲು ಮುಂದೊಂದು ‘ಕಂಪಲ್ಸರಿ’ ಸೇರಿಸುವುದು ಬಾಯಿಗೆ ರೂಢಿಯಾಗಿದೆ. ಇಂಗ್ಲಿಷಿನಲ್ಲಿ ಅದು ಗುಣವಾಚಕ. ಮೇಲಾಗಿ ‘ಮಸ್ಟ್’ ಎಂಬುದರಲ್ಲೇ ಕಡ್ಡಾಯವಿದೆ. ‘ಯು ಮಸ್ಟ್ ಅಟೆಂಡ್’ ಎಂದರೆ ಸಾಕು.

ನಿಷೇಧ ಬಂದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಅಲ್ಲಿ ಜಾಗ ಬದಲಾದರೆ ಅರ್ಥವೇ ಬದಲಾಗುತ್ತದೆ. ‘ಐ ವಿಲ್ ಪ್ರಾಬಬ್ಲಿ ಕಮ್’ ಎಂಬಲ್ಲಿ ಮೋಡಲ್‌ನ ನಂತರ ಕೂತ ‘ಪ್ರಾಬಬ್ಲಿ’, ‘ಐ ಪ್ರಾಬಬ್ಲಿ ವೋಂಟ್ ಕಮ್’ ಎಂಬಲ್ಲಿ ಮುಂದಕ್ಕೆ ಬರುತ್ತದೆ. ಬರುವುದಿಲ್ಲ ಎಂಬ ಇಡೀ ಸಂಗತಿಯೇ ಸಂಭವವಾದ್ದರಿಂದ ಅದು ನಿಷೇಧದ ಹೊರಗೆ ನಿಲ್ಲಬೇಕು. ‘ಐ ರಿಯಲಿ ಕಾಂಟ್ ಸೇ’ ಎಂದರೆ ಹೇಳಲು ಆಗುವುದೇ ಇಲ್ಲ. ‘ಐ ಕಾಂಟ್ ರಿಯಲಿ ಸೇ’ ಎಂದರೆ ಅಷ್ಟು ಖಚಿತವಾಗಿ ಹೇಳಲಾರೆ. ‘ಸಿಂಪ್ಲಿ’ಯ ವಿಷಯದಲ್ಲಿ ಈ ಅಂತರ ಇನ್ನೂ ಹೆಚ್ಚು. ಕೆಲಸಕ್ಕೆ ರಾಜೀನಾಮೆ ಕೊಟ್ಟ ಯುವಕನೊಬ್ಬನಿಗೆ ಮೇಲಧಿಕಾರಿಯಿಂದ ‘ಯು ಕಾಂಟ್ ಸಿಂಪ್ಲಿ ಲೀವ್’ ಎಂದು ಉತ್ತರ ಬಂದಿತ್ತು. ತನ್ನನ್ನು ಬಿಡುವುದೇ ಇಲ್ಲವೆಂದು ಅವನು ಗಾಬರಿಗೊಂಡು ಬಂದ. ಅದು ‘ಯು ಸಿಂಪ್ಲಿ ಕಾಂಟ್ ಲೀವ್’ ಎಂದಿದ್ದರೆ ಗಾಬರಿ ಸರಿಯಿತ್ತು, ಏಕೆಂದರೆ ಅದರರ್ಥ ‘ನೀನು ಹೋಗಲೇಕೂಡದು’. ಬಂದಿದ್ದ ವಾಕ್ಯದ ಅರ್ಥ ‘ನೀನು ಸುಮ್ಮನೆ ಹಾಗೇ ಹೊರಟುಬಿಡುವಂತಿಲ್ಲ’ ಎಂದು ಮಾತ್ರ. ಎರಡನ್ನೂ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದ ಮೇಲೆ, ನೋಟಿಸ್ ಅವಧಿ ಎಷ್ಟು ದಿನ ಎಂದು ಕೇಳಿ ಅವನು ಅಲ್ಲಿಯೇ ಕುಳಿತು ಮರುಪತ್ರ ಬರೆದ.